300 ಬಾಡ್‌ನಲ್ಲಿ ಕನ್ನಡ ಸುದ್ದಿ: ಮೂರನೇ ವಾರ

ಶನಿವಾರ

ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಎದುರುಬದುರು ಕೂತಿವೆ. ನಡುವೆ ವೈರಿಲ್ಲ, ವೈಫೈ ಇಲ್ಲ. ಒಂದರ ಸ್ಪೀಕರ್ ಕಿರುಚುತ್ತದೆ, ಇನ್ನೊಂದರ ಮೈಕ್ ಕೇಳಿಸಿಕೊಂಡು ಅಕ್ಷರ ಬರೆದುಕೊಳ್ಳುತ್ತದೆ. ಮಿನಿಮೋಡೆಮ್ ಅನ್ನೋ ಉಚಿತ ಪ್ರೋಗ್ರಾಂ ಈ ಕೆಲಸ ಮಾಡುತ್ತದೆ. ಲೆಕ್ಕ ಹಳೇ ಬೆಲ್ 103 ಮೋಡೆಮ್‌ನದೇ (ಮೋಡೆಮ್ ಅಂದ್ರೆ ಕಂಪ್ಯೂಟರಿನ 1, 0ಗಳನ್ನು ಫೋನ್ ಲೈನಿಗಾಗಿ ಸದ್ದು ಮಾಡಿ ಕಳಿಸುವ ಪೆಟ್ಟಿಗೆ): 1 ಅಂದ್ರೆ 1270 ಹರ್ಟ್ಸ್, 0 ಅಂದ್ರೆ 1070.

ಈ ಹುಚ್ಚು ಹಿಡಿದಿದ್ದು ಕೊಲಂಬಸ್ ಡಿಸ್ಪ್ಯಾಚ್‌ನಿಂದ. ಅಮೆರಿಕದ ಓಹಾಯೋದ ಈ ಪತ್ರಿಕೆ 1980ರ ಜುಲೈ 1ರಂದು ಕಂಪ್ಯುಸರ್ವ್ ಅನ್ನೋ ಆನ್‌ಲೈನ್ ಸೇವೆಯ ಮೂಲಕ, ಫೋನ್ ಲೈನಿನಲ್ಲಿ ಓದುಗರ ಕಂಪ್ಯೂಟರಿಗೆ ಬಂತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಜೊತೆಗಿನ ಪ್ರಯೋಗ ಅದು. ಒಟ್ಟು 11 ಪತ್ರಿಕೆಗಳು ಸೇರಿಕೊಂಡವು, 1982ಕ್ಕೆ ಮುಗಿಯಿತು. ಫೋಟೋ ಇಲ್ಲ, ಜಾಹೀರಾತಿಲ್ಲ, ಬರೀ ಅಕ್ಷರ. ಇಡೀ ಪತ್ರಿಕೆ ಇಳಿಯೋಕೆ ಎರಡು ಗಂಟೆ ಮೇಲೆ ಹಿಡಿಯುತ್ತಿತ್ತು, ಗಂಟೆಗೆ 5 ಡಾಲರ್. ಅಂಗಡಿಯಲ್ಲಿ ಪತ್ರಿಕೆ 20 ಸೆಂಟ್! ಐವತ್ತು ಪಟ್ಟು ದುಡ್ಡು ಕೊಟ್ಟು ಕಾಯೋದು ಹೇಗಿರುತ್ತದೆ ಅಂತ ನೋಡಬೇಕಿತ್ತು, ಅಷ್ಟೇ.

ಇವತ್ತು ಒಂದು ಸುದ್ದಿ ಕಳಿಸಿದೆ. ಖಾಲಿ ಜಾಗ ಸೇರಿ 1,000 ಚಿಹ್ನೆ. 92 ಸೆಕೆಂಡ್ ಹಿಡಿಯಿತು. ನನ್ನ ಅಂದಾಜು 33 ಇತ್ತು.

ಭಾನುವಾರ

ತಪ್ಪು ಸಿಕ್ಕಿತು. 300 ಬಾಡ್ ಅಂದ್ರೆ ಇಲ್ಲಿ ಸೆಕೆಂಡಿಗೆ 300 ಬಿಟ್, ಅಂದ್ರೆ 300 ಸೊನ್ನೆ-ಒಂದು. ಆರಂಭ, ಕೊನೆಯ ಗುರುತು ಸೇರಿ ಒಂದು ಬೈಟಿಗೆ ಹತ್ತು ಬಿಟ್ ಬೇಕು, ಹಾಗಾಗಿ ಸೆಕೆಂಡಿಗೆ 30 ಬೈಟ್. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಆದರೆ ಈಗ ಕಂಪ್ಯೂಟರುಗಳು ಅಕ್ಷರಗಳನ್ನು ಬೈಟ್ ಮಾಡಿ ಇಡುವ ರೂಢಿಯ ಕ್ರಮ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. 'ಸ್ತ್ರೀ' ಒಂದಕ್ಕೇ 18 ಬೈಟ್. ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಕೊನೆಗೆ ದೀರ್ಘ. ನೋಡ್ತಾ ಕೂತರೆ ಮೊದಲು 'ಸ' ಬರುತ್ತದೆ, 'ಸ್' ಆಗುತ್ತದೆ, 'ಸ್ತ' ಆಗುತ್ತದೆ, ಕೆಳಗೆ ಒತ್ತು ಬಿದ್ದು ಮೇಲೆ ಗುಡಿಸು ಏರುತ್ತದೆ. ಮಗು ಸ್ಲೇಟಿನ ಮೇಲೆ ತಿದ್ದಿದ ಹಾಗೆ. ಇದಕ್ಕಾಗಿಯೇ ನಾಲ್ಕು ಸಲ ಸುಮ್ನೆ ಕಳಿಸಿದೆ.

ಮಧ್ಯಾಹ್ನ ಕುಕ್ಕರ್ ಕೂಗಿತು. ಆ ಕೂಗು ಬಿದ್ದ ಕಡೆ 'ಮಳೆ' ಇದ್ದದ್ದು 'ಮ', ಆಮೇಲೆ ಕಪ್ಪು ವಜ್ರದೊಳಗೆ ಪ್ರಶ್ನೆಚಿಹ್ನೆ. ಮುಂದಿನ ಪದದಿಂದ ಮತ್ತೆ ಸರಿ. ಇನ್ಮೇಲೆ ಅಡುಗೆಮನೆ ಬಾಗಿಲು ಹಾಕಿಯೇ ಪರೀಕ್ಷೆ.

ಬುಧವಾರ ರಾತ್ರಿ

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಇರುವುದೇ 128 ಮನೆ. ಒಂದು ಬೈಟಿನಲ್ಲಿ 256 ಹಿಡಿಯುತ್ತದೆ. ಕೆಳಗಿನ ಅರ್ಧ ಇಂಗ್ಲಿಷಿಗೆ, ಮೇಲಿನ ಅರ್ಧ ಕನ್ನಡಕ್ಕೆ ಕೊಟ್ಟರೆ ಮುಗೀತಲ್ವಾ? ಪೈಥಾನಿನಲ್ಲಿ ಹತ್ತು ಸಾಲು ಬರೆದೆ. ದೊಡ್ಡ ಉಪಾಯ ಹೊಳೆಯಿತು ಅಂತ ಬೀಗುತ್ತಿದ್ದೆ, ಆಮೇಲೆ ನೆನಪಾಯಿತು: ಭಾರತೀಯ ಲಿಪಿಗಳಿಗಾಗಿ ಬಂದ 1991ರ ಇಸ್ಕಿ (ISCII) ಮಾನಕ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಅದೇ ಸುದ್ದಿ, 33 ಸೆಕೆಂಡ್. ಅಪ್ಪ ಬಂದು ಕೂತು, ಅಕ್ಷರ ಮೂಡಿದ ಹಾಗೆ ಜೋರಾಗಿ ಓದಿದರು. ಮೊದಲ ಸಾಲಿನಲ್ಲೇ ಮೋಡೆಮ್ ಅವರನ್ನು ಹಿಂದೆ ಹಾಕಿತು. "ಸ್ವಲ್ಪ ನಿಧಾನ ಮಾಡೋ" ಅಂದರು.