ಕಾರೈ ಜೇಡಿಮಣ್ಣು: ಕಡ್ಡಿಗಳು ಬೇರೆಯಾದವು

ಬಳ್ಳಾರಿಯಲ್ಲಿ ಕೂತು ಕಡಲಿನ ಪಳೆಯುಳಿಕೆ ನೋಡ್ತೀನಿ ಅಂದರೆ ಓಣಿಯವರು ಈಗಲೂ ನಗುತ್ತಾರೆ. ನ್ಯಾಯವೇ ಬಿಡಿ. ನಮ್ಮ ಕೋಟೆ ಗುಡ್ಡ ಗ್ರಾನೈಟ್, ಕರಗಿದ ಕಲ್ಲು ಆರಿ ಗಟ್ಟಿಯಾದದ್ದು. ಅದರಲ್ಲಿ ಚಿಪ್ಪು ಎಲ್ಲಿಂದ ಬರಬೇಕು? ಈಗ ಕೈಯಲ್ಲಿರುವುದು ತಮಿಳುನಾಡಿನ ಕಾರೈ ಕಡೆಯ ಮಣ್ಣು, ಅಲ್ಲಿನ ಹವ್ಯಾಸಿ ಗೆಳೆಯರೊಬ್ಬರು ಕಳಿಸಿದ್ದು. ಸುಮಾರು 10 ಕೋಟಿ ವರ್ಷದ ಹಿಂದೆ ಅಲ್ಲಿ ಸಮುದ್ರವಿತ್ತು.

ತೊಳೆಯುವ ಕೆಲಸ ಮುಗಿಯಿತು. ಮಣ್ಣನ್ನು ಮಾಳಿಗೆ ಮೇಲೆ ಪೂರ್ತಿ ಒಣಗಿಸಿ ವಾಷಿಂಗ್ ಸೋಡಾ ನೀರಿಗೆ ಹಾಕಿದರೆ ತಾನೇ ಕುಸಿದು ಕೆಸರಾಗುತ್ತದೆ. ಅರ್ಧ ಒಣಗಿದ್ದು ಅಷ್ಟು ಸುಲಭಕ್ಕೆ ಬಿಡಿಸಿಕೊಳ್ಳಲ್ಲ. ಇದೊಂದರಲ್ಲಿ ನಮ್ಮೂರ ಬಿಸಿಲನ್ನು ಮೆಚ್ಚಲೇಬೇಕು. 63 ಮೈಕ್ರಾನ್ ಜರಡಿಯಲ್ಲಿ ಉಳಿದದ್ದನ್ನು ಕಪ್ಪು ತಟ್ಟೆಗೆ ಹರಡಿ, ಒದ್ದೆ ಬ್ರಷ್ ತುದಿಯಿಂದ ಆರಿಸುತ್ತಿದ್ದೇನೆ. ಕೆಂಪು ಧೂಳು ಬೀಳದಂತೆ ಕಿಟಕಿ ಮುಚ್ಚಿಕೊಂಡಿದ್ದೇನೆ.

ಈ ಸಲ ತಲೆ ತಿಂದದ್ದು ಕಡ್ಡಿಗಳು. ಒಂದೆರಡು ಮಿಲಿಮೀಟರ್ ಉದ್ದ, ಎಲ್ಲಾ ಒಂದೇ ಕಂದು ಬಣ್ಣ. ಹೊರಗಿನ ಆಕಾರ ನಂಬುವ ಹಾಗಿಲ್ಲ, ಮುರಿದ ತುದಿ ನೋಡಬೇಕು. ತುದಿಯಲ್ಲಿ ಸಣ್ಣ ಸೂಜಿಗಳು ನಡುವಿನಿಂದ ಸುತ್ತಲೂ ಹರಡಿದ್ದರೆ ಅದು ಬೆಲೆಮ್ನೈಟ್ ಚೂರು, ಅಂದರೆ ಸ್ಕ್ವಿಡ್ ಎಂಬ ಕಡಲ ಮೃದ್ವಂಗಿಯ ಹಳೇ ನೆಂಟನ ಒಳಗಿನ ಗಟ್ಟಿ ಭಾಗ. ಮೈತುಂಬಾ ಮುಳ್ಳಿರುವ ಕಡಲ ಜೀವಿ ಅರ್ಚಿನ್‌ನ ಮುಳ್ಳು ಬೇರೆ ಥರ. ಇಡೀ ಮುಳ್ಳು ಕ್ಯಾಲ್ಸೈಟ್‌ನ, ಅಂದರೆ ಸುಣ್ಣದ ಖನಿಜದ, ಒಂದೇ ಹರಳು. ದೀಪದ ಕೆಳಗೆ ನಿಧಾನವಾಗಿ ತಿರುಗಿಸಿದರೆ, ಮುರಿದ ಮುಖ ಪೂರ್ತಿ ಒಟ್ಟಿಗೇ ಫಳಕ್ಕೆಂದು ಹೊಳೆಯುತ್ತದೆ. ಮೈಮೇಲೆ ಉದ್ದುದ್ದ ಗೀರು ಬೇರೆ. ಒಳಗೆ ಟೊಳ್ಳಿದ್ದರೆ ಹುಳುವಿನ ಕೊಳವೆ ಇರಬಹುದು. ಶಾರ್ಕ್ ಹಲ್ಲಿನ ಚೂರು ಅಂತ ಅನುಮಾನ ಬಂದರೆ ಒಂದು ಹನಿ ವಿನೆಗರ್: ಕ್ಯಾಲ್ಸೈಟ್‌ನಲ್ಲಿ ಗುಳ್ಳೆ ಏಳುತ್ತದೆ, ಹಲ್ಲಿನಲ್ಲಿ ಏಳಲ್ಲ. ಒಳ್ಳೆಯ ಚೂರಿನ ಮೇಲೆ ಮಾತ್ರ ಈ ಪ್ರಯೋಗ ಬೇಡ.

ಫೊರಾಮಿನಿಫೆರಾ, ಅಂದರೆ ಚಿಪ್ಪು ಕಟ್ಟುವ ಏಕಕೋಶ ಜೀವಿಗಳ ಡಬ್ಬಿಯೂ ತುಂಬುತ್ತಿದೆ. ಜಾಸ್ತಿ ಇರುವುದು ದುಂಡು ಕೋಣೆಗಳವು, ಹೆಡ್‌ಬರ್ಗೆಲ್ಲಾ ಎಂಬ ಜಾತಿಯ ಥರದವು. ಇವು ಕ್ರಿಟೇಷಿಯಸ್ ಕಾಲದಲ್ಲಿ (ಡೈನೋಸಾರ್‌ಗಳ ಕೊನೆಯ ಯುಗ) ಬಹಳ ಕಾಲ ಬಾಳಿದ ಗುಂಪು, ಮಣ್ಣಿನ ವಯಸ್ಸು ಹೇಳಲು ಅಷ್ಟಾಗಿ ಉಪಯೋಗವಿಲ್ಲ. ಒಂದು ಮಾತ್ರ ಅಂಚಿನಲ್ಲಿ ಏಣು ಇರುವಂಥದ್ದು ಸಿಕ್ಕಿದೆ. ಅದು ರೊಟಾಲಿಪೋರಾ ಎಂಬ ಇನ್ನೊಂದು ಜಾತಿ ಆಗಿದ್ದರೆ ಮಜಾ, ಯಾಕಂದರೆ ಅದು ಸುಮಾರು 9.4 ಕೋಟಿ ವರ್ಷದ ಹಿಂದೆಯೇ ಅಳಿದುಹೋಯಿತು, ಹಾಗಾಗಿ ಮಣ್ಣು ಅದಕ್ಕಿಂತ ಹಳೆಯದು ಎನ್ನಬಹುದು. ಆದರೆ ಏಣು ಬೇರೆಯವಕ್ಕೂ ಇರುತ್ತದೆ. ರೊಟಾಲಿಪೋರಾ ಆದರೆ ಹೊಕ್ಕುಳ ಬದಿಯಲ್ಲಿ (ಚಿಪ್ಪಿನ ನಡುವೆ ಗುಳಿ ಇರುವ ಬದಿ) ಹೆಚ್ಚುವರಿ ಬಾಯಿಗಳು, ಅಂದರೆ ಸಣ್ಣ ತೂತುಗಳು, ಕಾಣಬೇಕು, ಅಲ್ಲೇ ಮಣ್ಣು ಕಚ್ಚಿಕೊಂಡಿದೆ. ಸದ್ಯ ನೀರಿನಲ್ಲಿ ನೆನೆ ಹಾಕಿದ್ದೇನೆ, ಸೂಜಿ ಮುಟ್ಟಿಸುವ ಧೈರ್ಯ ಇನ್ನೂ ಬಂದಿಲ್ಲ.