ಮಾಂಟೊವಾದಲ್ಲಿ ಒಂದು ಗಾಜಿನ ಪೆಟ್ಟಿಗೆ

ಇಟಲಿಯ ಮಿಲಾನ್‌ನಿಂದ ಮಾಂಟೊವಾಕ್ಕೆ ರೈಲಿನಲ್ಲಿ ಹೆಚ್ಚುಕಡಿಮೆ ಎರಡು ಗಂಟೆ. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ಸ್ಟೇಷನ್ನಿನ ಮಷೀನಿಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ನನಗೆ ಗೊತ್ತಿರಲಿಲ್ಲ. ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲೇ ಇಟ್ಟುಕೊಂಡು ದಂಡ ಕಟ್ಟಿದೆ. ಈಗಲೂ ಹೊಟ್ಟೆ ಉರಿಯುತ್ತದೆ.

ಹೋಗಿದ್ದು ಹದಿನೈದನೇ ಶತಮಾನದ ಚಿತ್ರಕಾರ ಮಾಂಟೆನ್ಯಾನ ಚಿತ್ರ ನೋಡೋಕೆ. ಅರಮನೆಯ ‘ದಂಪತಿಗಳ ಕೋಣೆ’ಯನ್ನು ಅವನು 1465ರಿಂದ 1474ರವರೆಗೆ ಕೂತು ಬರೆದ. ಚಾವಣಿಯ ನಡುವೆ ಆಕಾಶ ಕಾಣುವ ಹಾಗೆ ಒಂದು ಬಾಯಿ, ಅಲ್ಲಿಂದ ಇಣುಕುವ ಹೆಂಗಸರು. ಸೊಗಸಾಗಿದೆ, ಇಲ್ಲ ಅನ್ನಲ್ಲ. ಆದರೆ ಗೋಡೆಯಲ್ಲಿ ಯಜಮಾನ ಲುಡೋವಿಕೊ ಕೈಯಲ್ಲಿ ಕಾಗದ ಹಿಡಿದು ಕಾರ್ಯದರ್ಶಿ ಕಡೆ ತಿರುಗಿದ್ದಾನೆ. ಹೆಂಡತಿ ಬಾರ್ಬರಾ ಸ್ವಲ್ಪ ಆಚೆ ಸುಮ್ನೆ ಕೂತಿದ್ದಾಳೆ. ಆಫೀಸು ಮನೆಗೇ ಬಂದ ಹಾಗಿದೆ, ಅಲ್ವಾ?

ಅರಮನೆಗೆ ಅಂಟಿಕೊಂಡೇ ಪುರಾತತ್ವ ಮ್ಯೂಸಿಯಂ ಇದೆ. ಮಳೆ ಬಂತು ಅಂತ ಒಳಗೆ ನುಗ್ಗಿದೆ.

ಗಾಜಿನ ಪೆಟ್ಟಿಗೆಯಲ್ಲಿ ಇಬ್ಬರು. ಮುಖಕ್ಕೆ ಮುಖ, ಕೈ ಒಬ್ಬರ ಕೊರಳ ಮೇಲೊಬ್ಬರದು, ಕಾಲು ಹೆಣೆದುಕೊಂಡಿವೆ. ಊರಾಚೆಯ ವಾಲ್ದಾರೊದಲ್ಲಿ 2007ರ ಫೆಬ್ರವರಿಯಲ್ಲಿ ಸಿಕ್ಕವರು. ಸುಮಾರು 6000 ವರ್ಷ ಹಳಬರು. ಸತ್ತಾಗ ಇಬ್ಬರಿಗೂ ಇಪ್ಪತ್ತರ ಆಸುಪಾಸು. ಗಂಡಿನ ಕುತ್ತಿಗೆ ಹತ್ತಿರ ಚಕಮಕಿ ಕಲ್ಲಿನ ಬಾಣದ ಮೊನೆ ಇತ್ತು, ಹೆಣ್ಣಿನ ತೊಡೆ ಪಕ್ಕ ಉದ್ದನೆಯ ಕಲ್ಲಿನ ಅಲಗು. ಕೊಲೆ ಅಂತ ಊಹಿಸಿದವರಿದ್ದರು. ಮೂಳೆಗಳಲ್ಲಿ ಹೊಡೆದ ಗುರುತು ಸಿಗಲಿಲ್ಲ. ಹೂಳುವಾಗ ಜೊತೆಗಿಟ್ಟ ಸಾಮಾನು ಇರಬೇಕು. ಬಿಡಿಸಲು ಮನಸ್ಸು ಬರದೆ, ಮಣ್ಣಿನ ಹೆಂಟೆ ಸಮೇತ ಎತ್ತಿ ತಂದರಂತೆ.

ಎದುರಿಗೆ ಮಡಿಸುವ ಸ್ಟೂಲಿನ ಮೇಲೆ ಒಬ್ಬ ವಯಸ್ಸಾದ ಹೆಂಗಸು ಚಿತ್ರ ಬರೆಯುತ್ತಿದ್ದರು. ಪೆನ್ಸಿಲ್ಲು, ಒಂದು ಕಾವಿ ಬಣ್ಣದ ಕಡ್ಡಿ, ಅಷ್ಟೇ. ಹಾಳೆಯಲ್ಲಿ ಬುರುಡೆಗಳೇ ಇರಲಿಲ್ಲ, ಬರೀ ಬೆರಳುಗಳು. ಯಾಕೆ ಅಂದೆ.

“ಬುರುಡೆ ಬರೆದ ತಕ್ಷಣ ಎಲ್ಲರೂ ಸಾವು ಅಂತಾರೆ,” ಅಂದರು, ತಮ್ಮ ತುಂಡು ತುಂಡು ಇಂಗ್ಲಿಷಿನಲ್ಲಿ. “ಮೊದಲು ಅವನಿಗೊಂದು ಬಣ್ಣ, ಅವಳಿಗೊಂದು ಬಣ್ಣ ಹಾಕಿದ್ದೆ. ಯಾವ ಬೆರಳು ಯಾರದು ಅಂತಲೇ ಗೊತ್ತಾಗಲಿಲ್ಲ. ಹರಿದು ಹಾಕಿದೆ.”

ಆಮೇಲೆ ಕೇಳಿದರು, “ನಿಮ್ಮ ಕಡೆ ಹೂಳ್ತೀರಾ?”

ನಮ್ಮ ಮನೆಯಲ್ಲಿ ಸುಡೋದು ಅಂದೆ.

“ಹಾಗಾದ್ರೆ ಏನೂ ಉಳಿಯಲ್ವಾ?”

ಅಜ್ಜನ ಅಸ್ಥಿ ಆರಿಸಲು ಹೋಗಿದ್ದು ಹೇಳಿದೆ. ಬೂದಿ ಇನ್ನೂ ಬೆಚ್ಚಗಿತ್ತು. ಸಿಕ್ಕ ಚೂರು ಬೆರಳಿನದೋ ಪಕ್ಕೆಯದೋ ಗೊತ್ತಾಗದೆ ಕುಡಿಕೆಗೆ ಹಾಕಿದ್ದೆ. ನಾಲ್ಕೇ ತಿಂಗಳಿಗೆ ಅಜ್ಜಿಯೂ ಹೋದರು. ಇಬ್ಬರದನ್ನೂ ಬಿಟ್ಟಿದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಒಂದೇ ಮೆಟ್ಟಿಲಿನಿಂದ. ಬದುಕಿರುವಾಗ ಅವರಿಬ್ಬರು ಒಟ್ಟಿಗೆ ಕೂತು ಮಾತಾಡಿದ್ದು ನಾನು ನೋಡಿದ್ದೇ ಕಮ್ಮಿ. ಅದನ್ನೂ ಹೇಳಿಬಿಟ್ಟೆ, ಯಾಕೋ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾವಿ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿದರು, ಎರಡು ಕೈಗಳ ನಡುವೆ ಉಳಿದಿದ್ದ ಒಂದು ಗೆರೆಯೂ ಮಸುಕಾಯಿತು. ಆಮೇಲೆ ನದಿ ಹೆಸರು ಕೇಳಿ ಹಾಳೆಯ ಮೂಲೆಯಲ್ಲಿ ಬರೆದುಕೊಂಡರು. ಸ್ಪೆಲಿಂಗ್ ತಪ್ಪಿತ್ತು. ನಾನು ತಿದ್ದಲು ಹೋಗಲಿಲ್ಲ.