ನಟ್ಟು ಬಿಗಿಯಾಗಿದ್ದರೆ ಸಾಲದು: ಹಬ್ ಮೋಟರ್ ಆಕ್ಸಲ್ ತಿರುಗದಂತೆ ಹಿಡಿಯುವ ಬಗೆ

ಹಬ್ ಮೋಟರ್, ಅಂದರೆ ಚಕ್ರದ ನಡುವಿನ ಹಬ್ಬಿನೊಳಗೇ ಇರುವ ಮೋಟರ್, ಕೂರಿಸಿದ ಸೈಕಲ್ ನಮ್ಮ ವರ್ಕ್‌ಶಾಪಿಗೆ ಬಂದರೆ ಬ್ಯಾಟರಿ, ಮೋಟರಿಗೆ ಕರೆಂಟ್ ಅಳೆದು ಬಿಡುವ ಕಂಟ್ರೋಲರ್ ಎಲ್ಲ ಆಮೇಲೆ. ಮೊದಲು ನೆಲಕ್ಕೆ ಕುಳಿತು ಹಿಂದಿನ ಚಕ್ರದ ಅಚ್ಚಿನ, ಅಂದರೆ ಆಕ್ಸಲ್ಲಿನ, ಎರಡೂ ತುದಿಗಳಿಗೆ ಟಾರ್ಚ್ ಹಿಡಿಯುತ್ತೇನೆ. ಆಕ್ಸಲ್ ಕೂರುವ ಕಚ್ಚಿನ ಅಂಚಿನಲ್ಲಿ ಬಣ್ಣ ಎದ್ದು ಲೋಹ ಹೊಳೆಯುತ್ತಿದೆಯೇ? ನಟ್ಟಿನ ಹೊರಗೆ ಬಂದ ವೈರಿನ ಕವಚ ಒಂದು ಪಕ್ಕಕ್ಕೆ ತಿರುಚಿಕೊಂಡಿದೆಯೇ? ಎರಡರಲ್ಲಿ ಒಂದು ಕಂಡರೂ ಆ ಸೈಕಲ್ಲನ್ನು ಹಾಗೆಯೇ ಹೊರಗೆ ಬಿಡಲು ನನಗೆ ಮನಸ್ಸಾಗುವುದಿಲ್ಲ.

ಮೈಸೂರಿನಲ್ಲಿ ಈಗ ಹಳೆಯ ಸೈಕಲ್ಲಿಗೆ ಮೋಟರ್ ಕಿಟ್ ಹಾಕಿಸಿಕೊಳ್ಳುವವರು ಹೆಚ್ಚಾಗಿ ದುಡಿಯುವ ಜನ. ಪೇಪರ್ ಹಾಕುವವರು, ಹಾಲಿನವರು, ದೇವರಾಜ ಮಾರುಕಟ್ಟೆಯಿಂದ ಹೂವು ಒಯ್ಯುವವರು. ಕ್ಯಾರಿಯರಿನ ತುಂಬ ಭಾರ ಹೇರಿಕೊಂಡು ಬೆಳಗಿನ ಜಾವ ಹೊರಡುತ್ತಾರೆ. ಅವರ ಚಕ್ರ ನಡುರಸ್ತೆಯಲ್ಲಿ ಕಳಚಿಕೊಳ್ಳಬಾರದು ಎಂಬ ಒಂದೇ ಕಾರಣಕ್ಕೆ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಸಾಮಾನ್ಯ ಸೈಕಲ್ಲಿನಲ್ಲಿ ಆಕ್ಸಲ್ಲಿನ ಕೆಲಸ ಭಾರ ಹೊರುವುದು. ಬೇರಿಂಗಿನ ಮೇಲೆ ಚಕ್ರ ಸುತ್ತುತ್ತದೆ, ಆಕ್ಸಲ್ ತನ್ನ ಪಾಡಿಗೆ ನಿಂತಿರುತ್ತದೆ. ಅದನ್ನು ತಿರುಗಿಸುವ ಬಲ ಎಂಬುದೇ ಇಲ್ಲವಾದ್ದರಿಂದ ಫ್ರೇಮ್ ಮಾಡುವವರೂ ಆ ಕಚ್ಚನ್ನು ತೆಳುವಾದ ತಗಡಿನಲ್ಲೇ ಮುಗಿಸುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಹಬ್ ಮೋಟರಿನಲ್ಲಿ ಲೆಕ್ಕ ಬೇರೆ. ತಾಮ್ರದ ಸುರುಳಿಗಳು ಆಕ್ಸಲ್ಲಿಗೇ ಕಚ್ಚಿಕೊಂಡಿವೆ. ಮೋಟರ್ ಚಕ್ರವನ್ನು ಎಷ್ಟು ಬಲದಿಂದ ಮುಂದಕ್ಕೆ ತಿರುಗಿಸುತ್ತದೆಯೋ ಅಷ್ಟೇ ಬಲದಿಂದ ಆಕ್ಸಲ್ಲನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಅದನ್ನು ತಡೆಯಲು ಆಕ್ಸಲ್ಲಿನ ಎರಡು ಬದಿಗಳನ್ನು ಚಪ್ಪಟೆ ಮಾಡಿರುತ್ತಾರೆ. 12 ಮಿ.ಮೀ. ದಪ್ಪದ ಆಕ್ಸಲ್ಲಿಗೆ 10 ಮಿ.ಮೀ. ಅಂತರದಲ್ಲಿ ಎರಡು ಚಪ್ಪಟೆ ಮುಖಗಳು. ಆ ಮುಖಗಳು ಕಚ್ಚಿನ ಎರಡು ತುಟಿಗಳ ನಡುವೆ ಕೂರುತ್ತವೆ. ಹೆಚ್ಚಿನ ಕಿಟ್‌ಗಳಲ್ಲಿ ಇಡೀ ಮೋಟರಿನ ಹಟವನ್ನು ತಡೆದು ನಿಲ್ಲಿಸಬೇಕಾದದ್ದು ಇಷ್ಟೇ.

ಇದು ಎಷ್ಟು ಕಡಿಮೆ ಎಂದು ತಿಳಿಯಲು ಒಂದು ಲೆಕ್ಕ ಹಾಕೋಣ. 12 ಮಿ.ಮೀ. ಆಕ್ಸಲ್ಲಿನ ಚಪ್ಪಟೆ ಮುಖದ ಅಗಲ ಸುಮಾರು 6.6 ಮಿ.ಮೀ. ಆಕ್ಸಲ್ ತಿರುಗಲು ಹೊರಟಾಗ ಅದು ಮುಖವಿಡೀ ಒತ್ತುವುದಿಲ್ಲ, ಮೂಲೆಗಳಲ್ಲಿ ಒತ್ತುತ್ತದೆ. ಏರಿನಲ್ಲಿ ಮೋಟರ್ 40 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ, ಅದನ್ನು 6.6 ಮಿ.ಮೀ.ಗೆ ಭಾಗಿಸಿದಾಗ 6,000 ನ್ಯೂಟನ್ ಬರುತ್ತದೆ. ಅಂದರೆ ಸುಮಾರು 600 ಕಿಲೋ ಭಾರ, ಕಚ್ಚಿನ ತುಟಿಗಳನ್ನು ಅಗಲಿಸಲು ತಳ್ಳುತ್ತಿದೆ. ಎರಡು ಬದಿಗೆ ಹಂಚಿಕೊಂಡರೂ ಒಂದೊಂದಕ್ಕೆ 300 ಕಿಲೋ. ಸವೆದ ಸ್ಪ್ಯಾನರ್ ನಟ್ಟಿನ ಮೂಲೆ ತಿಂದು ಜಾರಿಕೊಳ್ಳುವುದನ್ನು ನೋಡಿದವರಿಗೆ ಮುಂದೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ.

"ನನ್ನದು ಬರೀ 250 ವಾಟ್ ಅಣ್ಣ, ಅದಕ್ಕೆಲ್ಲ ಏನೂ ಆಗುವುದಿಲ್ಲ" ಎನ್ನುವವರು ತುಂಬ ಮಂದಿ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಮಿತಿ 250 ವಾಟ್, ಗಂಟೆಗೆ 25 ಕಿ.ಮೀ. ವೇಗದ ಹತ್ತಿರ ಇರುವುದರಿಂದ ಹೆಚ್ಚಿನ ಕಿಟ್‌ಗಳ ಮೇಲೂ ಆ ಸಂಖ್ಯೆಯೇ ಅಚ್ಚಾಗಿರುತ್ತದೆ. ಆದರೆ ಆಕ್ಸಲ್ಲಿಗೆ ವಾಟ್ ತಿಳಿಯದು, ಟಾರ್ಕ್ ಮಾತ್ರ ತಿಳಿಯುತ್ತದೆ. 26 ಇಂಚಿನ ಚಕ್ರ ಗಂಟೆಗೆ 25 ಕಿ.ಮೀ. ಓಡುವಾಗ 250 ವಾಟ್ ಎಂದರೆ ಸುಮಾರು 12 ನ್ಯೂಟನ್ ಮೀಟರ್. ಅದೇ ಮೋಟರ್, ಚಾಮುಂಡಿ ಬೆಟ್ಟದ ಏರಿನಲ್ಲಿ ನಡೆದುಹೋಗುವವರ ವೇಗಕ್ಕಿಂತ ತುಸು ಹೆಚ್ಚಿಗೆ ಓಡುತ್ತಿರುವಾಗ, 36 ವೋಲ್ಟಿನ ಕಂಟ್ರೋಲರ್ 15 ಆಂಪಿಯರ್ ಬಿಡುತ್ತದೆ ಎಂದುಕೊಳ್ಳಿ. ಬ್ಯಾಟರಿಯಿಂದ ಹೊರಡುವುದು 540 ವಾಟ್, ಟಾರ್ಕ್ ಮೂರು ಪಟ್ಟು ದಾಟಬಹುದು. ಸಿಗ್ನಲಿನಲ್ಲಿ ನಿಂತು ಭಾರದೊಂದಿಗೆ ಥ್ರಾಟಲ್ (ವೇಗ ಹೆಚ್ಚಿಸುವ ಹಿಡಿ) ಒಮ್ಮೆಲೇ ತಿರುವಿದಾಗಲೂ ಅಷ್ಟೇ.

ಆಕ್ಸಲ್ ಒಮ್ಮೆ ತಿರುಗಿತೆಂದರೆ ಏನೇನಾಗುತ್ತದೆ? ನಮ್ಮ ಕಡೆಯ ಗಟ್ಟಿ ಕಪ್ಪು ಸೈಕಲ್ಲುಗಳಲ್ಲಿ ಕಚ್ಚು ಹಿಂದಕ್ಕೆ ಬಾಯಿ ತೆರೆದಿರುತ್ತದೆ. ಉಕ್ಕು ಆದ್ದರಿಂದ ತುಟಿಗಳು ಬಾಗಿ ಅಗಲವಾಗುತ್ತವೆ, ಚಕ್ರ ಓರೆಯಾಗಿ ಪೈಪಿಗೆ ಉಜ್ಜುತ್ತದೆ. ಅಲ್ಯೂಮಿನಿಯಂ ಫ್ರೇಮ್ ಆದರೆ ಬಾಗುವ ಬದಲು ಬಿರುಕು ಬಿಡುತ್ತದೆ, ಅದೂ ಮುನ್ಸೂಚನೆ ಕೊಡದೆ. ಆಕ್ಸಲ್ ಸುತ್ತಿಕೊಂಡಂತೆ ಅದರೊಳಗಿಂದ ಬರುವ ಮೋಟರಿಗೆ ಕರೆಂಟ್ ಒಯ್ಯುವ ಮೂರು ದಪ್ಪ ಫೇಸ್ ವೈರುಗಳೂ, ಮೋಟರ್ ಎಷ್ಟು ತಿರುಗಿದೆ ಎಂದು ತಿಳಿಸುವ ಹಾಲ್ ಸೆನ್ಸರಿನ ಐದು ಸಣ್ಣ ವೈರುಗಳೂ ಹಗ್ಗ ಹೊಸೆದಂತೆ ತಿರುಚಿ ಹರಿಯುತ್ತವೆ. ಫೇಸ್ ವೈರ್ ಹಾಲ್ ವೈರಿಗೆ ತಾಗಿದರೆ ಸೆನ್ಸರುಗಳ ಜೊತೆ ಕಂಟ್ರೋಲರೂ ಸುಟ್ಟುಹೋಗಬಹುದು. ಮುಂಚಕ್ರಕ್ಕೆ ಮೋಟರ್ ಹಾಕಿಸಿದವರ ಅಪಾಯ ಇನ್ನೂ ದೊಡ್ಡದು: ಚಕ್ರ ಫೋರ್ಕಿನಿಂದ ಕಳಚಿದರೆ ಸವಾರ ಮುಖ ಕೆಳಗಾಗಿ ಬೀಳುತ್ತಾನೆ. ಸಸ್ಪೆನ್ಷನ್ ಇರುವ ಅಲ್ಯೂಮಿನಿಯಂ ಫೋರ್ಕಿಗೆ ಮೋಟರ್ ಕೂರಿಸಿಕೊಡಲು ಯಾರು ಕೇಳಿದರೂ ನಾನು ಒಪ್ಪುವುದಿಲ್ಲ.

ಪರಿಹಾರ ಟಾರ್ಕ್ ಆರ್ಮ್. ಆಕ್ಸಲ್ಲಿನ ಚಪ್ಪಟೆ ಮುಖಕ್ಕೆ ಸರಿಯಾಗಿ ಕೂರುವ ರಂಧ್ರವಿರುವ ಒಂದು ಉಕ್ಕಿನ ಪಟ್ಟಿ, ಇನ್ನೊಂದು ತುದಿಯನ್ನು ಫ್ರೇಮಿಗೆ ಬಿಗಿದಿರಬೇಕು. ಪಟ್ಟಿ 10 ಸೆಂ.ಮೀ. ಉದ್ದವಿದ್ದರೆ ಅದೇ 40 ನ್ಯೂಟನ್ ಮೀಟರ್ ಅದರ ತುದಿಯಲ್ಲಿ ಬರೀ 40 ಕಿಲೋ ಭಾರದಷ್ಟಾಗುತ್ತದೆ. 40 ಕಿಲೋವನ್ನು ಪೈಪಿಗೆ ಸುತ್ತಿ ಸ್ಕ್ರೂವಿನಿಂದ ಬಿಗಿಯುವ ಒಂದು ಒಳ್ಳೆಯ ಹೋಸ್ ಕ್ಲಿಪ್ಪೂ ತಡೆದುಕೊಳ್ಳುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಪಟ್ಟಿಗಳಲ್ಲಿ ನನಗೆ ಹಿಡಿಸದ್ದು ಸಡಿಲು. ರಂಧ್ರ 10 ಮಿ.ಮೀ. ಇರಬೇಕಾದಲ್ಲಿ ಹತ್ತೂವರೆ ಇದ್ದರೆ, ಪಟ್ಟಿ ಕೆಲಸ ಶುರುಮಾಡುವ ಮೊದಲೇ ಆಕ್ಸಲ್ ನಾಲ್ಕೈದು ಡಿಗ್ರಿ ತಿರುಗಿರುತ್ತದೆ. ಅಷ್ಟರಲ್ಲಿ ಕಚ್ಚಿನ ತುಟಿಗಳು ಪೆಟ್ಟು ತಿಂದಾಗಿರುತ್ತದೆ. ಆದ್ದರಿಂದ ನಾನು 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯಲ್ಲಿ ಕೈಯಿಂದಲೇ ಮಾಡುತ್ತೇನೆ. ಮೊದಲು ವರ್ನಿಯರ್ ಹಿಡಿದು ಆ ಆಕ್ಸಲ್ಲನ್ನೇ ಅಳೆಯಬೇಕು. ಒಂದೇ ಮಾದರಿಯ ಎರಡು ಮೋಟರುಗಳಲ್ಲಿ 9.8, 9.95 ಎಂದು ವ್ಯತ್ಯಾಸ ಕಂಡಿದ್ದೇನೆ. ಒಂಬತ್ತೂವರೆಯ ಡ್ರಿಲ್ ಹಾಕಿ, ಉದ್ದಕ್ಕೆ ದುಂಡು ಅರದಿಂದ 12 ಮಿ.ಮೀ.ಗೆ ಎಳೆದು, ಎರಡು ಬದಿಗಳನ್ನು ಚಪ್ಪಟೆ ಅರದಿಂದ ನೇರ ಮಾಡುತ್ತಾ ಹೋಗುತ್ತೇನೆ. ನಾಲ್ಕು ಸಲ ಅರ ಎಳೆದು ಒಮ್ಮೆ ಆಕ್ಸಲ್ಲಿಗೆ ತೊಡಿಸಿ ನೋಡುವುದು. ಮಾರ್ಕರಿನ ಶಾಯಿಯನ್ನು ಆಕ್ಸಲ್ಲಿಗೆ ಬಳಿದರೆ ಎಲ್ಲಿ ತಾಗುತ್ತಿದೆ ಎಂಬುದು ರಂಧ್ರದ ಗೋಡೆಯ ಮೇಲೆ ಗುರುತಾಗಿ ಕಾಣುತ್ತದೆ. ಕೈಯಿಂದ ಒತ್ತಿದರೆ ಹೋಗದೆ, ಮರದ ಸುತ್ತಿಗೆಯ ಒಂದು ಸಣ್ಣ ತಟ್ಟಿಗೆ ಇಳಿಯುವಂತಿದ್ದರೆ ಅಲ್ಲಿಗೆ ಅರ ನಿಲ್ಲಿಸಬೇಕು. ಇದಕ್ಕೆ ಅರ್ಧ ಗಂಟೆ ಹಿಡಿದರೂ ಬೇಸರವಿಲ್ಲ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ಪಟ್ಟಿಯನ್ನು ವೈರ್ ಹೊರಬರದ ಬದಿಗೆ ಹಾಕುವುದು ಸುಲಭ. ಚೈನಿಗೆ ಸಮಾನಾಂತರವಾಗಿ ಮುಂದಕ್ಕೆ ಹೋಗುವ ಪೈಪಿನ ಕೆಳಭಾಗಕ್ಕೆ ಅದು ಬರಲಿ. ಚಕ್ರ ಮುಂದಕ್ಕೆ ಸುತ್ತುವಾಗ ಆಕ್ಸಲ್ ಹಿಂದಕ್ಕೆ ತಿರುಗುತ್ತದೆ, ಮುಂದಕ್ಕೆ ಚಾಚಿದ ಪಟ್ಟಿಯ ತುದಿ ಮೇಲೇಳಲು ನೋಡುತ್ತದೆ. ಪೈಪಿನ ಅಡಿಯಲ್ಲಿದ್ದರೆ ಅದು ಪೈಪನ್ನೇ ಒತ್ತಿಕೊಂಡು ನಿಲ್ಲುತ್ತದೆ, ಕ್ಲಿಪ್ ಅದನ್ನು ಅಲ್ಲಿ ಕೂರಿಸಿಟ್ಟರೆ ಸಾಕು. ಮೇಲೆ ಕಟ್ಟಿದರೆ ಇಡೀ ಬಲ ಕ್ಲಿಪ್ಪಿನ ಸಣ್ಣ ಸ್ಕ್ರೂವಿನ ಮೇಲೆ ಬೀಳುತ್ತದೆ. ಬ್ರೇಕ್ ಹಿಡಿದಾಗ ಬ್ಯಾಟರಿಗೆ ಚಾರ್ಜ್ ಹಿಂದಿರುಗಿಸುವ ಗೇರ್‌ರಹಿತ ಮೋಟರಾದರೆ ಬಲ ಎರಡೂ ದಿಕ್ಕಿಗೆ ಬರುತ್ತದೆ. ಆಕ್ಸಲ್ ಆಚೀಚೆ ಅಲ್ಲಾಡಿ ನಟ್ಟನ್ನು ಸಡಿಲಿಸುತ್ತದೆ. ಅಂಥದ್ದಕ್ಕೆ ಎರಡೂ ಬದಿಗೆ ಪಟ್ಟಿ ಬೇಕು, ಹೋಸ್ ಕ್ಲಿಪ್ಪಿನ ಬದಲು ಬೋಲ್ಟ್ ಬೇಕು.

ಕಿಟ್ಟಿನ ಜೊತೆ ಬರುವ ನಾಲಿಗೆಯುಳ್ಳ ವಾಷರನ್ನು ಬಿಡಬೇಡಿ, ಅದರ ನಾಲಿಗೆ ಕಚ್ಚಿನೊಳಗೆ ಕೂರಬೇಕು. ಆದರೆ ಅದೊಂದನ್ನೇ ನಂಬಬೇಡಿ. ನಟ್ಟು ಕೂರುವ ಜಾಗದ ದಪ್ಪ ಬಣ್ಣವನ್ನು ಕೆರೆದು ತೆಗೆಯಿರಿ. ಬಣ್ಣ ಒತ್ತಡಕ್ಕೆ ಕುಗ್ಗಿ ನಟ್ಟು ತಾನಾಗಿ ಸಡಿಲವಾಗುತ್ತದೆ. ಹಳೆಯ ಸೈಕಲ್ಲುಗಳ ವಿಷಯದಲ್ಲಿ ಇನ್ನೊಂದು ಮಾತು. ಗೇರ್ ಸೈಕಲ್ಲಿಗೆಂದು ಮಾಡಿದ ಮೋಟರ್ 135 ಮಿ.ಮೀ. ಅಗಲ ಕೇಳುತ್ತದೆ, ಗೇರಿಲ್ಲದ ಸೈಕಲ್ಲಿನ ಹಿಂಭಾಗ ಅದಕ್ಕಿಂತ ಇಕ್ಕಟ್ಟು. ಬಲವಂತವಾಗಿ ಅಗಲಿಸಿ ಕೂರಿಸಿದರೆ ಎರಡು ಕಚ್ಚುಗಳೂ ಸಮಾನಾಂತರ ತಪ್ಪುತ್ತವೆ, ನಟ್ಟು ಒಂದು ಅಂಚಿನಲ್ಲಿ ಮಾತ್ರ ತಾಗಿ ನಿಲ್ಲುತ್ತದೆ. ಬಿಗಿಯಾಗಿದೆ ಎಂದು ಸ್ಪ್ಯಾನರ್ ಹೇಳಿದರೂ ಹಿಡಿತ ಇರುವುದಿಲ್ಲ. ಕಚ್ಚುಗಳನ್ನು ಮೊದಲು ನೇರ ಮಾಡಿಸಿಕೊಳ್ಳಿ.

ಬಿಗಿಯುವುದಕ್ಕೂ ಒಂದು ಮಿತಿ ಇದೆ. ಸುಮಾರು 40 ನ್ಯೂಟನ್ ಮೀಟರ್ ಸಾಕು. ವೈರ್ ಬರುವ ಬದಿಯ ಆಕ್ಸಲ್ ಒಳಗೆ ಪೊಳ್ಳು, ಉದ್ದನೆಯ ಪೈಪು ಸಿಕ್ಕಿಸಿ ಎಳೆದರೆ ಆಕ್ಸಲ್ಲಿನ ಥ್ರೆಡ್ ಕಿತ್ತುಬರುತ್ತದೆ. ಮೊದಲ ಕೆಲವು ಸವಾರಿಗಳ ನಂತರ ಮತ್ತೊಮ್ಮೆ ಬಿಗಿದು, ನಟ್ಟಿನಿಂದ ಫ್ರೇಮಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ನಟ್ಟು ಸರಿದಿದೆ ಎಂದು ಬಗ್ಗಿದೊಡನೆ ಗೊತ್ತಾಗುತ್ತದೆ. ಥ್ರಾಟಲ್ ತಿರುವಿದಾಗ ಹಿಂದಿನಿಂದ ಟಕ್ ಎಂಬ ಸದ್ದು ಬಂದರೆ ಅಲ್ಲೇ ನಿಲ್ಲಿಸಿ ನೋಡಿ.

ಕೊನೆಯದಾಗಿ ಪಂಕ್ಚರಿನ ವಿಷಯ. ಒಳ್ಳೆಯ ಜೋಡಣೆಗಳು ಕೆಡುವುದು ಹೆಚ್ಚಾಗಿ ಅಲ್ಲೇ. ರಸ್ತೆ ಬದಿಯವರು ಟ್ಯೂಬಿಗೆ ತೇಪೆ ಹಾಕಿ ಚಕ್ರ ಮರಳಿ ಕೂರಿಸುವಾಗ ವಾಷರಿನ ನಾಲಿಗೆ ಹೊರಗುಳಿಯುತ್ತದೆ, ಪಟ್ಟಿಯ ಕ್ಲಿಪ್ ಅರ್ಧ ಬಿಗಿಯಾಗಿರುತ್ತದೆ. ಅವರಿಗೆ ಈ ಮೋಟರುಗಳು ಹೊಸವು, ಅವರನ್ನು ದೂರಿ ಪ್ರಯೋಜನವಿಲ್ಲ. ಜೋಡಿಸಿದಾಗಲೇ ಎರಡೂ ಬದಿಯ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಸೀಟಿನ ಕೆಳಗಿನ ಚೀಲದಲ್ಲಿ ನಿಮ್ಮ ನಟ್ಟಿಗೆ ಒಪ್ಪುವ ಸ್ಪ್ಯಾನರ್ ಇರಲಿ. ಸಾಮಾನ್ಯವಾಗಿ 18 ಅಥವಾ 19 ನಂಬರಿನದು. ಪಂಕ್ಚರ್ ಹಾಕುವವರ ಪಕ್ಕದಲ್ಲೇ ಕುಳಿತು, ಫೋಟೋ ತೋರಿಸಿ, ಕೊನೆಯ ಬಿಗಿತವನ್ನು ನೀವೇ ಮಾಡಿ.